ಬ್ಲೂಜೇ: ಮಂಗಳನ ಡ್ಯೂಟೀರಿಯಂ ಲೆಕ್ಕಕ್ಕೆ ಕೂರುವ ಮುನ್ನ

ಮಂಗಳನ ಮೇಲ್ವಾತಾವರಣದಲ್ಲಿ ಹೈಡ್ರೋಜನ್ ಜೊತೆ ಅದರ ಭಾರದ ರೂಪವಾದ ಡ್ಯೂಟೀರಿಯಂ ಲೆಕ್ಕವನ್ನೂ ಹಾಕಬೇಕೆನ್ನುವವರಿಗೆ ಬ್ಲೂಜೇ ಧೈರ್ಯವಾಗಿ ಹೇಳಬಹುದಾದ ಕಂಪ್ಯೂಟರ್ ಮಾದರಿಯ ಕೋಡ್. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಎರಿನ್ ಕ್ಯಾಂಗಿ ಜೂಲಿಯಾ ಭಾಷೆಯಲ್ಲಿ ಕಟ್ಟಿದ್ದು, ಉಚಿತ. ನೆಲದಿಂದ 250 ಕಿ.ಮೀ.ವರೆಗಿನ ವಾತಾವರಣವನ್ನು ಒಂದೇ ಕಂಬವಾಗಿ ನೋಡುತ್ತದೆ. ಡ್ಯೂಟೀರಿಯಂ ಇರುವ ಅಯಾನುಗಳನ್ನೂ ತಟಸ್ಥ ಅಣುಗಳನ್ನೂ ಒಟ್ಟಿಗೇ ಬಿಡಿಸುವುದೇ ಇದರ ದೊಡ್ಡ ಬಲ.

ಆ ಬಲ ಏಕೆ ಬೇಕು? ಬರೀ ಶಾಖದ ಕಸುವಿನಿಂದ ಆಗುವ ಜೀನ್ಸ್ ಪಲಾಯನವನ್ನೇ ಹಿಡಿದರೆ, ಎಕ್ಸೋಬೇಸ್ (ಪರಮಾಣುಗಳು ಡಿಕ್ಕಿಯಿಲ್ಲದೆ ಹೊರಹೋಗಬಲ್ಲ ಎತ್ತರ) 200 ಕೆಲ್ವಿನ್‌ನಲ್ಲಿದ್ದಾಗ ಡ್ಯೂಟೀರಿಯಂ ಪರಮಾಣುವಿನ ಪಲಾಯನ ವೇಗ ಹೈಡ್ರೋಜನ್ನಿನದರ ಸಾವಿರದಲ್ಲೊಂದು ಪಾಲು. 240ಕ್ಕೆ ಏರಿಸಿದರೆ ಆ ಪಾಲು ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಸೂರ್ಯ ಶಾಂತವಾಗಿದ್ದಾಗ ಡ್ಯೂಟೀರಿಯಂ ಹೆಚ್ಚಾಗಿ ಹೊರಬೀಳುವುದು ಶಾಖದಿಂದಲ್ಲ, ಅಯಾನು ಕ್ರಿಯೆಗಳಿಂದ. ಹಗುರ ಹೈಡ್ರೋಜನ್ ಹೆಚ್ಚು ಹೋಗಿ ಡ್ಯೂಟೀರಿಯಂ ಎಷ್ಟು ಉಳಿದಿದೆ ಎಂಬುದರಿಂದಲೇ ಹೋದ ನೀರನ್ನು ಅಳೆಯುವುದು, ಹಾಗಾಗಿ ಈ ಕ್ರಿಯೆಗಳನ್ನು ಬಿಟ್ಟ ಮಾದರಿ ಮಂಗಳ ಕಳೆದುಕೊಂಡ ನೀರಿನ ಲೆಕ್ಕವನ್ನೇ ತಪ್ಪಿಸುತ್ತದೆ. ಮೊದಲ ಓಟದಲ್ಲೇ ಈ ಎರಡು ಉಷ್ಣತೆಗಳಿಗೆ ಜೀನ್ಸ್ ವೇಗವನ್ನು ಕೈಲೆಕ್ಕದಿಂದ ತಾಳೆ ನೋಡಿ.

ಹೆಚ್ಚಿನವರು ಎಡವುವುದು ‘ಎರಡು’ ಎಂಬ ಒಂದು ಗುಣಕದಲ್ಲಿ. ನೀರಿನ ಅಣುವಿನಲ್ಲಿ ಹೈಡ್ರೋಜನ್ ಎರಡಿವೆ. ಹಾಗಾಗಿ ಎಚ್‌ಡಿಒ (ಒಂದು ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರು) ಮತ್ತು ನೀರಿನ ಅನುಪಾತ ಡಿ/ಎಚ್‌ನ, ಅಂದರೆ ಡ್ಯೂಟೀರಿಯಂ-ಹೈಡ್ರೋಜನ್ ಅನುಪಾತದ, ಇಮ್ಮಡಿ. ಭೂಮಿಯ ಸಾಗರದ ಡಿ/ಎಚ್ ಆದ 0.000156ರ ಐದೂವರೆ ಪಟ್ಟು ಇಟ್ಟರೆ 10,000 ನೀರಿನ ಅಣುಗಳಿಗೆ 17 ಎಚ್‌ಡಿಒ ಬರಬೇಕು. 8 ಅಥವಾ 9 ಬಂದಿದ್ದರೆ ಆ ಎರಡು ಬಿಟ್ಟುಹೋಗಿದೆ.

ಅಯಾನುಗಳು ಬೇಗ ಸ್ಥಿಮಿತಕ್ಕೆ ಬರುತ್ತವೆ, ಗ್ರಾಫ್ ನೆಟ್ಟಗಾಗುತ್ತದೆ, ಅಲ್ಲಿಗೇ ನಿಲ್ಲಿಸಬೇಡಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಪಲಾಯನ ಒಂದಕ್ಕೊಂದು ಹೊಂದಿಕೊಳ್ಳಲು ಮಾದರಿಯ ಗಡಿಯಾರದಲ್ಲಿ ಲಕ್ಷ ವರ್ಷಗಳೇ ಬೇಕು. ನೆಲ ಆಕ್ಸಿಜನ್ ಹೀರದಂತೆ ಇಟ್ಟಿದ್ದರೆ, ಹೊರಹೋಗುವ ಹೈಡ್ರೋಜನ್ ಪರಮಾಣುಗಳು ಆಕ್ಸಿಜನ್ನಿನ ಎರಡರಷ್ಟು ಆಗುವವರೆಗೆ ಓಡಿಸಿ. ಜೂಲಿಯಾ ಮೊದಲ ಸಲ ಕಂಪೈಲ್ ಆಗಲು ತಡ ಮಾಡುತ್ತದೆ, ಗಾಬರಿ ಬೇಡ.

ಧೂಳುಗಾಳಿ ಹರಡುವುದು, ಹಗಲು-ರಾತ್ರಿಯ ಗಾಳಿ, ಇವು ಒಂದು ಕಂಬದ ಮಾದರಿಗೆ ಸಿಗುವುದಿಲ್ಲ. ಅದಕ್ಕೆ ಮೂರು ಆಯಾಮದ ಮಾದರಿಯೇ ಬೇಕು.

ಅಳತೆಯ ಜೊತೆ ಹೋಲಿಸುವವರಿಗೆ ಇನ್ನೊಂದು ಮಾತು. ಲೈಮನ್ ಆಲ್ಫಾ ಎಂಬ ಅತಿನೇರಳೆ ಬೆಳಕಿನ ಗೆರೆ ಹೈಡ್ರೋಜನ್ನಿಗೆ 121.567 ನ್ಯಾನೋಮೀಟರ್, ಡ್ಯೂಟೀರಿಯಮ್ಮಿಗೆ 121.534. ಮಂಗಳಯಾನದಲ್ಲಿ ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್ ಕಟ್ಟಿದ ಫೋಟೋಮೀಟರ್ (ಬೆಳಕಿನ ಪ್ರಮಾಣ ಅಳೆಯುವ ಉಪಕರಣ) ಹೋಗಿದ್ದೂ ಈ ಜೋಡಿಯ ಬೆನ್ನುಹತ್ತಿಯೇ. ಹೈಡ್ರೋಜನ್ನಿನ ಬೆಳಕು ದಾರಿಯಲ್ಲೇ ಮತ್ತೆ ಮತ್ತೆ ಚದುರುತ್ತದೆ, ಡ್ಯೂಟೀರಿಯಮ್ಮಿನದು ಬಹುಮಟ್ಟಿಗೆ ನೇರವಾಗಿ ಹೊರಬರುತ್ತದೆ. ಆದ್ದರಿಂದ ಬ್ಲೂಜೇ ಕೊಟ್ಟ ಸಾಂದ್ರತೆಗಳನ್ನು ವಿಕಿರಣ ಸಾಗಣೆಯ ಲೆಕ್ಕಕ್ಕೆ ಹಾಕಿ ಹೊಳಪು ಮಾಡಿಕೊಂಡ ಮೇಲಷ್ಟೇ ಹೋಲಿಸಿ.