ಊಟದ ಹೊತ್ತು ಬರೆದಿಡುವ ಆ್ಯಪ್: ಗಡಿಯಾರಕ್ಕೆ ಪೂರ್ತಿ ಅಂಕ, ರಾತ್ರಿ ಊಟಕ್ಕೆ ಅರ್ಧ

ಐದರಲ್ಲಿ ಮೂರು ಸ್ಟಾರ್ ಕೊಡುತ್ತಿದ್ದೇನೆ. ಆ್ಯಪ್ ಕೆಟ್ಟದ್ದಲ್ಲ, ದಿನಾ ಬಳಸುತ್ತಿದ್ದೇನೆ, ಮುಂದೆಯೂ ಬಳಸುತ್ತೇನೆ. ಆದರೆ ರಾತ್ರಿ ಊಟ ಅಂದರೆ ಯಾವುದು, ಅದು ಎಷ್ಟು ಹೊತ್ತಿಗೆ ಆಗಬೇಕು ಅನ್ನುವುದನ್ನು ಇದನ್ನು ಮಾಡಿದವರು ನಮ್ಮನ್ನು ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದಾರೆ. ಆ ತೀರ್ಮಾನ ತುಂಬ ಜನಕ್ಕೆ ಹೊಂದುವುದಿಲ್ಲ. ಎರಡು ಸ್ಟಾರ್ ಕಡಿಮೆಯಾಗಿದ್ದು ಅದಕ್ಕೇ.

ಮೊದಲು ಒಳ್ಳೆಯದು. ಉಣ್ಣಲು ಕೂತಾಗ ಒಂದು ಸಲ ಒತ್ತಿದರೆ ಸಾಕು, ಹೊತ್ತು ದಾಖಲಾಗುತ್ತದೆ. ತಟ್ಟೆಯಲ್ಲಿ ಏನಿದೆ, ಎಷ್ಟು ಗ್ರಾಂ, ಎಷ್ಟು ಕ್ಯಾಲೊರಿ ಅಂತ ಪ್ರಾಣ ತಿನ್ನುವುದಿಲ್ಲ. ಇದು ನನಗೆ ತುಂಬ ಹಿಡಿಸಿತು. ಬೇರೆ ಆ್ಯಪ್‌ಗಳಲ್ಲಿ ಪ್ರತಿ ಪದಾರ್ಥವನ್ನೂ ಹುಡುಕಿ ಹಾಕುವಷ್ಟರಲ್ಲಿ ಊಟ ಆರಿಹೋಗಿರುತ್ತದೆ, ಸ್ವಲ್ಪ ದಿನ ಆದಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಇಲ್ಲಿ ಹಾಗಿಲ್ಲ. ವಾರದ ಕೊನೆಗೆ ಒಂದು ಚಿತ್ರ ಬರುತ್ತದೆ: ದಿನದ ಮೊದಲ ತುತ್ತು ಎಷ್ಟಕ್ಕೆ, ಕೊನೆಯ ತುತ್ತು ಎಷ್ಟಕ್ಕೆ, ಕೊನೆಯ ತುತ್ತಿನಿಂದ ಮಲಗುವವರೆಗೆ ಎಷ್ಟು ಅಂತರ. ಅಷ್ಟೇ. ಆ ಒಂದು ಚಿತ್ರಕ್ಕಾಗಿಯೇ ಇದನ್ನು ಹಾಕಿಕೊಳ್ಳಬಹುದು.

ಯಾಕೆ ಅಂದರೆ ನಾವು ಎಷ್ಟು ಹೊತ್ತಿಗೆ ತಿನ್ನುತ್ತೇವೆ ಅಂತ ನಾವು ಅಂದುಕೊಂಡಿರುವುದಕ್ಕೂ ನಿಜಕ್ಕೂ ವ್ಯತ್ಯಾಸ ಇರುತ್ತದೆ. ಅಮೆರಿಕದ ಸಾಲ್ಕ್ ಇನ್‌ಸ್ಟಿಟ್ಯೂಟ್‌ನ ಸಚ್ಚಿದಾನಂದ ಪಾಂಡಾ ಅವರ ತಂಡ ಇದೇ ಥರದ ಒಂದು ಫೋನ್ ಆ್ಯಪ್ ಇಟ್ಟುಕೊಂಡು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿತು. ತಿಂದದ್ದು ಕುಡಿದದ್ದು ಎಲ್ಲವನ್ನೂ ಜನ ಫೋಟೊ ತೆಗೆದು ಕಳಿಸಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಜನರ ತಿನ್ನುವ ಹೊತ್ತು ದಿನಕ್ಕೆ ಹತ್ತಿರ ಹತ್ತಿರ 15 ಗಂಟೆ ಹರಡಿಕೊಂಡಿತ್ತು. ದಿನದ ಕ್ಯಾಲೊರಿಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸಂಜೆ ಆರರ ನಂತರ ಹೊಟ್ಟೆಗೆ ಹೋಗುತ್ತಿತ್ತು. ದಿನಕ್ಕೆ ಮೂರು ಹೊತ್ತು ಊಟ ಅನ್ನುವುದು ನಮ್ಮ ತಲೆಯಲ್ಲಿರುವ ಲೆಕ್ಕ, ಬಾಯಿ ನಡೆಯುವ ಲೆಕ್ಕವೇ ಬೇರೆ. ಆ ಲೆಕ್ಕವನ್ನು ಕಣ್ಣಿಗೆ ಕಾಣಿಸುವ ಕೆಲಸವನ್ನು ಈ ಆ್ಯಪ್ ಚೆನ್ನಾಗಿ ಮಾಡುತ್ತದೆ.

ಈಗ ತಕರಾರು.

ಸಂಜೆ 6ರಿಂದ 9ರವರೆಗೆ ತಿಂದದ್ದು ಮಾತ್ರ ಇಲ್ಲಿ 'ಡಿನ್ನರ್'. 9 ದಾಟಿ ಒಂದು ನಿಮಿಷ ಆದರೂ ಅದು 'ತಡರಾತ್ರಿ ತಿಂಡಿ' ಆಗುತ್ತದೆ, ಪಕ್ಕದಲ್ಲಿ ಕೆಂಪು ಗುರುತು ಬೀಳುತ್ತದೆ. ಪೂರ್ತಿ ಊಟ ಮಾಡಿದ್ದರೂ ಸರಿ, ಎಲ್ಲರೂ ಸೇರಿ ಕೂತು ನಿಧಾನಕ್ಕೆ ಉಂಡಿದ್ದರೂ ಸರಿ, ಅದು ತಿಂಡಿಯೇ! 6ಕ್ಕೆ ಮೊದಲು ಉಂಡರೆ 'ಸಂಜೆ ತಿಂಡಿ'. ಸೂರ್ಯ ಮುಳುಗುವ ಮೊದಲೇ ದಿನದ ಕೊನೆಯ ಊಟ ಮುಗಿಸುವವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರೆ ಯೋಚಿಸಿ. ಅವರ ಪಟ್ಟಿಯಲ್ಲಿ ದಿನಾ 'ಡಿನ್ನರ್ ಬಿಟ್ಟಿದ್ದೀರಿ' ಅಂತ ಬರುತ್ತದೆ. ಬಿಟ್ಟಿಲ್ಲ ಕಣ್ರೀ, ಆಗಲೇ ಉಂಡಾಗಿದೆ.

ಇದಕ್ಕಿಂತ ಬೇಸರದ ವಿಷಯ ನಡುರಾತ್ರಿಯದು. 12 ಹೊಡೆದ ತಕ್ಷಣ ಆ್ಯಪ್ ಹೊಸ ದಿನ ಶುರು ಮಾಡುತ್ತದೆ. ಶಿಫ್ಟ್ ಮುಗಿಸಿ ರಾತ್ರಿ ಹನ್ನೆರಡೂವರೆಗೆ ಉಣ್ಣುವ ನರ್ಸ್, ಡ್ರೈವರ್, ಸೆಕ್ಯುರಿಟಿ ಕೆಲಸದವರು, ಇವರ ರಾತ್ರಿ ಊಟ ಮಾರನೇ ದಿನದ ಮೊದಲ ತುತ್ತಾಗಿ ಬೀಳುತ್ತದೆ. ಆಮೇಲೆ ಅದೇ ದಿನ ರಾತ್ರಿ ಹತ್ತಕ್ಕೆ ಏನಾದರೂ ತಿಂದರೆ 'ನೀವು 21 ಗಂಟೆಗೂ ಹೆಚ್ಚು ಹೊತ್ತು ತಿಂದಿದ್ದೀರಿ' ಅಂತ ಎಚ್ಚರಿಕೆ ಬರುತ್ತದೆ. ಲೆಕ್ಕ ಪೂರ್ತಿ ತಲೆಕೆಳಗು. ದಿನ ಅಂದರೆ ಎದ್ದಾಗಿನಿಂದ ಮಲಗುವವರೆಗೆ ಅಂತ ಇಟ್ಟುಕೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ, ಅಲ್ವಾ? ನಿದ್ದೆಯ ಹೊತ್ತು ಆ್ಯಪ್‌ಗೆ ಆಗಲೇ ಗೊತ್ತಿದೆ, ಅದನ್ನೇ ಗಡಿಯಾಗಿ ಬಳಸಬಹುದಿತ್ತು. ಊಟದ ಹೊತ್ತಿನ ಬಗ್ಗೆ ನಿಜವಾಗಿ ಸಹಾಯ ಬೇಕಾಗಿರುವುದು ಇಂಥವರಿಗೇ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಾತ್ರಿ ಪಾಳಿಯಂತೆ ಎಚ್ಚರ ಇಟ್ಟು ನೋಡಿದಾಗ, ರಾತ್ರಿ ಉಂಡವರ ರಕ್ತದ ಸಕ್ಕರೆ ಏರಿತು, ಊಟವನ್ನು ಹಗಲಿಗೆ ಮಾತ್ರ ಇಟ್ಟುಕೊಂಡವರದ್ದು ಏರಲಿಲ್ಲ. ಅಂದರೆ ಪಾಳಿ ಕೆಲಸದವರಿಗೆ ತಮ್ಮ ಊಟ ಎಲ್ಲಿ ಬೀಳುತ್ತಿದೆ ಅಂತ ಸರಿಯಾಗಿ ಕಾಣುವುದು ಬಹಳ ಮುಖ್ಯ. ಅವರಿಗೇ ಈ ಆ್ಯಪ್ ತಪ್ಪು ಚಿತ್ರ ತೋರಿಸುತ್ತದೆ.

ಗಡಿಯಾರದ ಒಂಬತ್ತು ಎಲ್ಲ ಕಡೆ ಒಂದೇ ಅಲ್ಲ ಅನ್ನುವುದೂ ಆ್ಯಪ್ ಮಾಡಿದವರಿಗೆ ಹೊಳೆದಿಲ್ಲ. ಸ್ಪೇನ್ ನೋಡಿ. ಅಲ್ಲಿ ರಾತ್ರಿ 9, 10ಕ್ಕೆ ಉಣ್ಣುವುದು ಮಾಮೂಲಿ. ಸೋಮಾರಿತನ ಅಂತಲ್ಲ. ಆ ದೇಶ ಇರುವುದು ಬ್ರಿಟನ್ನಿನ ನೇರಕ್ಕೆ, ಆದರೆ 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕಿ ಜರ್ಮನಿಯ ಹೊತ್ತಿಗೆ ಹೊಂದಿಸಿತು, ಅದು ಹಾಗೇ ಉಳಿಯಿತು. ಜೂನ್ ಕೊನೆಗೆ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂಮುಕ್ಕಾಲಿನ ಹೊತ್ತಿಗೆ. ಬೆಳಕಿದ್ದಾಗಲೇ ಉಂಡವರಿಗೆ ಆ್ಯಪ್ 'ತಡರಾತ್ರಿ' ಅಂತ ಕೆಂಪು ಗುರುತು ಹಾಕುತ್ತದೆ. ಇಡೀ ಚೀನಾಕ್ಕೂ ಒಂದೇ ಗಡಿಯಾರ, ಪಶ್ಚಿಮದ ಷಿನ್‌ಜಿಯಾಂಗ್‌ನಲ್ಲಿ ಸೂರ್ಯ ಬೀಜಿಂಗ್ ಗಡಿಯಾರಕ್ಕಿಂತ ಸುಮಾರು ಎರಡು ಗಂಟೆ ಹಿಂದೆ ಇರುತ್ತಾನೆ. ಆ್ಯಪ್ ನಮ್ಮ ಲೊಕೇಶನ್ ಕೇಳಿ ತೆಗೆದುಕೊಳ್ಳುತ್ತದೆ, ಸೂರ್ಯ ಮುಳುಗುವ ಹೊತ್ತನ್ನು ಮುಖಪುಟದಲ್ಲಿ ಅಂದವಾಗಿ ತೋರಿಸುತ್ತದೆ, ಆದರೆ ಊಟದ ಲೆಕ್ಕಕ್ಕೆ ಅದನ್ನು ಮುಟ್ಟುವುದೇ ಇಲ್ಲ. ಹಾಗಿದ್ದರೆ ಲೊಕೇಶನ್ ಯಾಕೆ ಬೇಕಿತ್ತು? ನಾನಂತೂ ಆ ಅನುಮತಿ ತೆಗೆದುಹಾಕಿದ್ದೇನೆ, ಬೇರೆಲ್ಲ ಹಾಗೇ ಕೆಲಸ ಮಾಡುತ್ತದೆ.

ಹೆಸರಿನ ವಿಷಯಕ್ಕೆ ಬರೋಣ. ಶುರುವಿನಲ್ಲಿ ನಾಲ್ಕೇ ಹೆಸರು ಕೊಡುತ್ತದೆ, ರಾತ್ರಿಯದಕ್ಕೆ ಡಿನ್ನರ್. ಕನ್ನಡಕ್ಕೆ ಬದಲಿಸಿಕೊಂಡರೆ 'ರಾತ್ರಿ ಭೋಜನ'. ಮನೆಯಲ್ಲಿ ಯಾರಾದರೂ 'ಭೋಜನ ಆಯಿತೇ' ಅಂತ ಕೇಳುತ್ತಾರಾ? ಮಧ್ಯಾಹ್ನದ್ದೂ ಊಟವೇ, ರಾತ್ರಿಯದ್ದೂ ಊಟವೇ, ಬೇಕಾದರೆ ಹಿಂದೆ ಹೊತ್ತು ಸೇರಿಸಿ ಹೇಳುತ್ತೇವೆ. 'ರಾತ್ರಿ ಊಟ' ಅಂತ ಬರೆಯಲು ಏನು ಕಷ್ಟ ಇತ್ತೋ ಗೊತ್ತಾಗಲಿಲ್ಲ.

ಇದು ಕನ್ನಡದವರ ತೊಂದರೆ ಮಾತ್ರ ಅಲ್ಲ. ಡಿನ್ನರ್ ಅನ್ನುವ ಮಾತೇ ಗಟ್ಟಿಯಾಗಿ ಒಂದು ಹೊತ್ತಿಗೆ ಕೂತಿಲ್ಲ. ಹಳೆಯ ಫ್ರೆಂಚ್ ಮೂಲದಲ್ಲಿ ಅದು ಉಪವಾಸ ಮುರಿಯುವ ಊಟ, ಅಂದರೆ ದಿನದ ಮೊದಲ ತಿನಿಸು. ಆಮೇಲೆ ಇಂಗ್ಲೆಂಡಿನಲ್ಲಿ ಅದು ನಡುಹಗಲಿನ ದೊಡ್ಡ ಊಟವಾಯಿತು. ಉಳ್ಳವರ ಮನೆಗಳಲ್ಲಿ ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಸರಿಯುತ್ತಾ ಸರಿಯುತ್ತಾ ರಾತ್ರಿಗೆ ಬಂತು, ನಡುವೆ ಖಾಲಿಯಾದ ಜಾಗಕ್ಕೆ ಲಂಚ್ ಬಂದು ಕೂತಿತು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಈಗಲೂ ಎಷ್ಟೋ ಜನಕ್ಕೆ ಡಿನ್ನರ್ ಮಧ್ಯಾಹ್ನದ್ದು, ಸಂಜೆ ಐದು ಆರರ ಊಟ 'ಟೀ'. ಬ್ರಿಟನ್ನಿನ ಶಾಲೆಗಳಲ್ಲಿ ಮಧ್ಯಾಹ್ನ ಬಡಿಸುವ ಹೆಂಗಸರನ್ನು 'ಡಿನ್ನರ್ ಲೇಡಿ' ಅನ್ನುವುದು ಅದಕ್ಕೇ. ಫ್ರೆಂಚ್‌ನಲ್ಲೂ ಇದೇ ಕಥೆ: ಪ್ಯಾರಿಸ್‌ನಲ್ಲಿ 'ದಿನೇ' ರಾತ್ರಿಯದು, ಕೆನಡಾದ ಕ್ವಿಬೆಕ್ ಮತ್ತು ಬೆಲ್ಜಿಯಂನಲ್ಲಿ ಅದೇ ಮಾತು ಮಧ್ಯಾಹ್ನದ್ದು, ರಾತ್ರಿಗೆ 'ಸುಪೇ'. ನಾರ್ವೆಯಲ್ಲಿ ದಿನದ ಮುಖ್ಯ ಊಟದ ಹೆಸರು 'ಮಿದ್ದಾಗ್', ಹೆಸರಿನ ಅರ್ಥ ನಡುಹಗಲು, ಉಣ್ಣುವುದು ಸಂಜೆ ನಾಲ್ಕೈದಕ್ಕೆ. ಇಷ್ಟೆಲ್ಲ ಇರುವಾಗ ಒಂದು ಹೆಸರಿಗೆ ಮೂರು ಗಂಟೆ ಅಂಟಿಸಿ ಎಲ್ಲರಿಗೂ ಹಂಚಿದರೆ ಹೇಗೆ?

ಹೆಸರು ಬದಲಿಸಲು ಆಗುವುದೇ ಇಲ್ಲ ಅಂತಲ್ಲ. ಆಗುತ್ತದೆ. ಆದರೆ ಅದನ್ನು ಸೆಟ್ಟಿಂಗ್ಸ್ ಒಳಗೆ, ನೋಟಿಫಿಕೇಶನ್ ಒಳಗೆ, ಕೆಳಗೆ ಎಲ್ಲೋ ಹೂತಿಟ್ಟಿದ್ದಾರೆ. ಬದಲಿಸಿದ ಮೇಲೆ ನನಗೆ ಆ್ಯಪ್ ಎಷ್ಟೋ ಹತ್ತಿರದ್ದು ಅನಿಸಿತು. 'ಡಿನ್ನರ್ ಸಮಯ' ಅಂತ ಬಂದಾಗ ಸುಮ್ನೆ ತಳ್ಳಿಬಿಡುತ್ತಿದ್ದೆ, 'ಊಟದ ಹೊತ್ತಾಯಿತು' ಅಂತ ನಾನೇ ಬರೆದದ್ದು ಬಂದರೆ ಏಳುತ್ತೇನೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಮೊದಲ ಪರದೆಯಲ್ಲೇ ಇಟ್ಟಿದ್ದರೆ ನಾನು ಇನ್ನೊಂದು ಸ್ಟಾರ್ ಕೊಡುತ್ತಿದ್ದೆ.

ಸಲಹೆಗಳ ವಿಭಾಗ ನನಗೆ ಇಷ್ಟವಾಗಲಿಲ್ಲ. '7ರ ನಂತರ ಉಂಡರೆ ದಪ್ಪ ಆಗುತ್ತೀರಿ' ಅಂತ ಖಡಾಖಂಡಿತವಾಗಿ ಬರೆದಿದ್ದಾರೆ. ವಿಜ್ಞಾನ ಅಷ್ಟು ಖಡಾಖಂಡಿತವಾಗಿಲ್ಲ. ತಡವಾಗಿ ಉಣ್ಣುವುದು ಮೈಗೆ ಅಷ್ಟು ಒಗ್ಗುವುದಿಲ್ಲ ಅನ್ನುವುದಕ್ಕೆ ಆಧಾರ ಇದೆ. 2022ರಲ್ಲಿ ಬಾಸ್ಟನ್‌ನ ಬ್ರಿಗಮ್ ಆಸ್ಪತ್ರೆಯ ಸಂಶೋಧಕರು ತೂಕ ಜಾಸ್ತಿ ಇದ್ದ 16 ಜನಕ್ಕೆ ಅದೇ ಊಟವನ್ನು ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದರು. ಹಸಿವು ಹೆಚ್ಚಿತು, ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ ಅನ್ನುವ ಹಾರ್ಮೋನು ಇಳಿಯಿತು, ಮೈ ಸುಡುವ ಕ್ಯಾಲೊರಿ ಕಡಿಮೆಯಾಯಿತು. ಇದು ಮುಖ್ಯವಾದ ಕೆಲಸ, ಆದರೆ 16 ಜನ, ಕೆಲವೇ ದಿನ. ಅದರಿಂದ ಎಲ್ಲರಿಗೂ 7 ಗಂಟೆಯ ಗೆರೆ ಎಳೆಯಲು ಬರುವುದಿಲ್ಲ. ರಾತ್ರಿ ಎರಡಕ್ಕೆ ಮಲಗುವವನ ಒಂಬತ್ತೂ, ಹತ್ತಕ್ಕೆ ಮಲಗುವವನ ಒಂಬತ್ತೂ ಒಂದೇ ಹೇಗಾಗುತ್ತದೆ? ಮೈಯೊಳಗಿನ ಗಡಿಯಾರ ನಿದ್ದೆ, ಬೆಳಕಿನ ಜೊತೆ ನಡೆಯುತ್ತದೆ. ನಿದ್ದೆ ಹತ್ತಿರ ಬಂದಾಗ ಮೆಲಟೋನಿನ್ ಅನ್ನುವ ಹಾರ್ಮೋನು ಏರುತ್ತದೆ, ಆಗ ಉಂಡರೆ ಸಕ್ಕರೆಯನ್ನು ಮೈ ಅಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಎದೆ ಉರಿ ಇರುವವರಿಗೆ ಡಾಕ್ಟರು ಹೇಳುವುದೂ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಬಿಡಿ ಅಂತಲೇ, ಇಷ್ಟೇ ಗಂಟೆಗೆ ಉಣ್ಣಿ ಅಂತಲ್ಲ. ಆ ಅಂತರವನ್ನು ಈ ಆ್ಯಪ್ ಲೆಕ್ಕ ಹಾಕುತ್ತದೆ! ಕೆಂಪು ಗುರುತು ಹಾಕುವುದಿದ್ದರೆ ಅದನ್ನು ನೋಡಿ ಹಾಕಲಿ.

ಇನ್ನುಳಿದದ್ದು ಚುಟುಕಾಗಿ. ಬ್ಯಾಟರಿ ತಿನ್ನುವುದಿಲ್ಲ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ವಿಮಾನದಲ್ಲಿ ಬೇರೆ ದೇಶಕ್ಕೆ ಹೋದಾಗ ಊಟಗಳ ಸರದಿ ಹಿಂದುಮುಂದಾಗುತ್ತದೆ, ಕೈಯಾರೆ ಸರಿ ಮಾಡಬೇಕು. ದುಡ್ಡು ಕೊಡುವ ಆವೃತ್ತಿಯಲ್ಲಿ ಬಣ್ಣಬಣ್ಣದ ಪಟ್ಟಿಗಳು ಬಿಟ್ಟರೆ ಹೆಚ್ಚೇನಿಲ್ಲ, ಬಿಟ್ಟಿ ಸಿಗುವುದೇ ಸಾಕು. ದಿನದ ಗಡಿಯ ಬಗ್ಗೆ ಸಪೋರ್ಟ್‌ಗೆ ಬರೆದಿದ್ದೆ, 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಒಂದು ಸಾಲು ಬಂತು, ಆಮೇಲೆ ಏನೂ ಇಲ್ಲ.

ಹೊಸದಾಗಿ ಹಾಕಿಕೊಳ್ಳುವವರಿಗೆ ಒಂದು ಮಾತು: ಮೊದಲ ಊಟ ದಾಖಲಿಸುವ ಮುಂಚೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಹೆಸರು ಬದಲಿಸಿಕೊಳ್ಳಿ. ಆಮೇಲೆ ಬದಲಿಸಿದರೆ ಹಳೆಯ ದಾಖಲೆಗಳಲ್ಲಿ ಡಿನ್ನರ್ ಅಂತಲೇ ಉಳಿಯುತ್ತದೆ, ಒಂದೇ ಊಟ ಎರಡು ಹೆಸರಲ್ಲಿ ಎರಡು ಗೆರೆಯಾಗಿ ಕಾಣುತ್ತದೆ. ರಾತ್ರಿ ಪಾಳಿಯವರು ಆ್ಯಪ್ ಹೇಳುವ ಒಟ್ಟು ಗಂಟೆಯನ್ನು ನಂಬಬೇಡಿ, ಊಟದಿಂದ ನಿದ್ದೆಗಿರುವ ಅಂತರ ಒಂದನ್ನೇ ನೋಡಿ. ಅದು ಸರಿಯಾಗಿ ಬರುತ್ತದೆ.