ಪಿಸ್ತೂಲು ಅಸಲಿ, ಕಥೆ ನಕಲಿ

ಭಾವನ ಫೋನ್ ಬಂದಾಗ ತೋಟದಲ್ಲಿ ಅಡಿಕೆಯ ಕೊನೆಕೊಯ್ಲು ನಡೆಯುತ್ತಿತ್ತು. "ಬಾರಾ ಭಾವ, ಕಾರವಾರದಲ್ಲಿ ಒಂದು ಪಿಸ್ತೂಲು ನೋಡಿದ್ದಿ. ನೀ ನೋಡದ್ದೆ ದುಡ್ಡು ಕೊಡ್ತ್ನಿಲ್ಲೆ" ಎಂದ. ಕೊನೆಗೌಡ ಇನ್ನೂ ಮರದ ಮೇಲಿದ್ದ. ನಾಡಿದ್ದು ಬರುತ್ತೇನೆ ಎಂದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಪಿಸ್ತೂಲಿನ ಲೈಸೆನ್ಸ್ ಇಲ್ಲ. ಇರುವುದು ಬೆಳೆ ರಕ್ಷಣೆಗೆ ಎಂದು ಅಪ್ಪನ ಕಾಲದಿಂದ ಬಂದ ಒಂಟಿ ನಳಿಗೆಯ ಹನ್ನೆರಡು ಬೋರಿನ ಕೋವಿ. ಅದರಿಂದ ಇವತ್ತಿನವರೆಗೆ ಏನೂ ಸತ್ತಿಲ್ಲ. ಈಡಿನ ಸದ್ದಿಗೆ ಮಂಗಗಳು ಓಡುತ್ತವೆ, ಅರ್ಧ ಗಂಟೆ ಬಿಟ್ಟು ವಾಪಸ್ ಬರುತ್ತವೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಟ್ಟು, ರಸೀದಿ ತಗೊಂಡು ಬರುವುದೇ ನನ್ನ ದೊಡ್ಡ ಸಾಹಸ. ಆದರೆ ಹಳೆ ಕೋವಿಗಳ ಹೊಟ್ಟೆಯಲ್ಲಿ ಏನಿದೆ ಎಂದು ಓದಿ ತಿಳಿಯುವ ಹುಚ್ಚು ಹೈಸ್ಕೂಲಿನಿಂದ ಇದೆ. ಭಾವನ ಹತ್ತಿರ .32ರ (ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ) ಲೈಸೆನ್ಸ್ ಇದೆ, ಒಂದು ಕಾನ್ಪುರ ರಿವಾಲ್ವರೂ ಇದೆ. ಅಡಿಕೆ ವ್ಯಾಪಾರದ ದುಡ್ಡನ್ನು ಚೀಲದಲ್ಲಿ ಹೊತ್ತು ತಿರುಗುತ್ತಿದ್ದ ದಿನಗಳಲ್ಲಿ ಮಾಡಿಸಿದ್ದು. ಈಗ ಅದನ್ನು ಕೊಟ್ಟು ಈ ಪಿಸ್ತೂಲು ತಗೊಳ್ಳುವ ಆಸೆ ಅವನಿಗೆ.

ದೇವಿಮನೆ ಘಾಟಿ ಇಳಿದು, ಕುಮಟಾದಲ್ಲಿ ಚಾ ಕುಡಿದು, ಕಾರವಾರ ಮುಟ್ಟುವಾಗ ಹನ್ನೊಂದು ಗಂಟೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಯಾಕೆ ಎನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ. ಎರಡು ಮೆಟ್ಟಿಲು, ಒಂದು ಬೆಂಚು, ಗಾಜಿನ ಕಪಾಟಿನಲ್ಲಿ ಜಾಸ್ತಿ ಇರುವುದು ಏರ್‌ಗನ್ನು ಮತ್ತು ತೋಟಾದ (ಕಾರ್ಟ್ರಿಜ್‌) ಪೆಟ್ಟಿಗೆಗಳು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುವ ಊರು ಅದು. ಹಾಗಾಗಿ ಅಂಗಡಿ ತುಂಬಾ ಎಣ್ಣೆಯ ವಾಸನೆ. ಮಾಲೀಕರು ವಯಸ್ಸಾದವರು, ಎಲ್ಲರಿಗೂ ‘ಮಾಮ್’.

ಮಾಮ್ ಒಂದು ಹಸಿರು ಬಟ್ಟೆ ಹಾಸಿದರು. ಪಿಸ್ತೂಲು ತಂದು, ತೋಟಾ ತುಂಬುವ ಮ್ಯಾಗಜಿನ್ ಕಳಚಿ ಪಕ್ಕಕ್ಕಿಟ್ಟರು. ಮೇಲಿನ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದೆ ಎಳೆದು ಒಳಗೆ ಖಾಲಿ ಎಂದು ಬೆಳಕಿಗೆ ಹಿಡಿದು ತೋರಿಸಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಇಷ್ಟು ಶಿಸ್ತು ನಾನು ದೊಡ್ಡ ಊರುಗಳ ಅಂಗಡಿಯಲ್ಲೂ ಕಂಡಿಲ್ಲ. ಇದಕ್ಕೆ ಪೂರ್ತಿ ಅಂಕ.

ಕೈಗೆ ಬಂದದ್ದು ಸ್ಯಾವೇಜ್ 1907. ಚಿತ್ರದಲ್ಲಿ ಎಷ್ಟೋ ಸಲ ನೋಡಿದ್ದೆ, ಮುಟ್ಟಿದ್ದು ಅವತ್ತೇ ಮೊದಲು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಯುಟಿಕಾ ಊರಿನಲ್ಲಿ ತಯಾರಾಗಿದ್ದು. ತೂಕ ಅರ್ಧ ಕಿಲೋಗೆ ಸ್ವಲ್ಪ ಜಾಸ್ತಿ. ಎಲ್ಬರ್ಟ್ ಸರ್ಲ್ ಎನ್ನುವವನ ವಿನ್ಯಾಸ. ಅವನ 1905ರ ಪೇಟೆಂಟಿನ ತಾರೀಕು ಸ್ಲೈಡಿನ ಮೇಲೆ ಕೆತ್ತಿದೆ. ಇದರ ವಿಶೇಷ ಮ್ಯಾಗಜಿನ್ನಿನಲ್ಲಿದೆ. ಆ ಕಾಲದ ಕೋಲ್ಟ್ ಜೇಬು ಪಿಸ್ತೂಲಿಗೆ .32ರಲ್ಲಿ 8 ತೋಟಾ, 1910ರ ಬ್ರೌನಿಂಗ್‌ಗೆ 7. ಸರ್ಲ್ ತೋಟಾಗಳನ್ನು ಒಂದರ ಮೇಲೆ ಒಂದು ನೇರವಾಗಿ ಇಡಲಿಲ್ಲ. ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಜೋಡಿಸಿ 10 ಹಿಡಿಸಿದ. ಹಿಡಿ ಮಾತ್ರ ದಪ್ಪ ಆಗಲಿಲ್ಲ. ಈಗಿನ ಪಿಸ್ತೂಲುಗಳಲ್ಲಿ ಇದು ಮಾಮೂಲು, ಆದರೆ ಅವತ್ತು ನೂರು ವರ್ಷದ ಹಿಂದೆ! ಕಂಪನಿಯ ಜಾಹೀರಾತೇ ‘ಟೆನ್ ಶಾಟ್ಸ್ ಕ್ವಿಕ್’ ಎಂದಿತ್ತು.

ಇನ್ನೊಂದು ಮಜಾ, ಇದರಲ್ಲಿ ಒಂದೂ ಸ್ಕ್ರೂ ಇಲ್ಲ. ಹಿಡಿಯ ಎರಡು ಕಡೆಯ ಕಪ್ಪು ರಬ್ಬರಿನ ಪಟ್ಟಿಗಳು ಕೂಡ ಬಾಗಿಸಿ ಸಿಕ್ಕಿಸಿದ್ದು. "ತೆಗೆದು ಒಳಗೆ ತೋರಿಸ್ತೇನೆ" ಎಂದು ಮಾಮ್ ಉಗುರು ಹಾಕಿದರು. ನಾನು ಕೈ ಹಿಡಿದೆ. ಅಷ್ಟು ಹಳೆಯ ಗಟ್ಟಿ ರಬ್ಬರು ಬಾಗುವುದಿಲ್ಲ, ಹಪ್ಪಳದ ಹಾಗೆ ಮುರಿಯುತ್ತದೆ. ಈ ಪಿಸ್ತೂಲಿನಲ್ಲಿ ಇಡಿಯಾಗಿ ಉಳಿದ ಪಟ್ಟಿಗೇ ಒಂದು ಬೆಲೆ.

ಹಿಂದುಗಡೆ ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ಇದ್ದಂತೆ ಕಾಣುತ್ತದೆ. ಅದು ಹ್ಯಾಮರ್ ಅಲ್ಲ, ಒಳಗಿನ ಹೊಡೆಯುವ ಸೂಜಿಗೆ ಜೋಡಿಸಿದ ಒಂದು ಲಿವರ್. ಅದು ಕೆಳಗಿದ್ದರೆ ಸೂಜಿಯ ತುದಿ ತೋಟಾದ ಹಿಂಬದಿಯ ಸಿಡಿಯುವ ಕೇಪಿಗೆ ತಾಗಿಕೊಂಡೇ ಇರುತ್ತದೆ. ನಳಿಗೆಯಲ್ಲಿ ತೋಟಾ ಬಿಟ್ಟು, ಲಿವರ್ ಇಳಿಸಿ ಜೇಬಿಗೆ ಹಾಕಿಕೊಂಡವನು ಒಮ್ಮೆ ಪಿಸ್ತೂಲು ಕೈಜಾರಿಸಿದರೆ ಸಾಕು. ಇದನ್ನು ಮಾಮ್ ಹೇಳಲಿಲ್ಲ. ಹೇಳಬೇಕಿತ್ತು. ಭಾವನಿಗೆ ನಾನೇ ಎರಡು ಸಲ ಹೇಳಿದೆ. ಕಾನ್ಪುರ ರಿವಾಲ್ವರಿನ ತೋಟಾ ಇದಕ್ಕೆ ಆಗುವುದಿಲ್ಲ ಎಂದೂ ಹೇಳಿದೆ. ಎರಡಕ್ಕೂ .32 ಎಂದೇ ಹೆಸರು, ಆದರೆ ರಿವಾಲ್ವರಿನದ್ದು ಉದ್ದ, ಹಿಂದೆ ಅಗಲ ಅಂಚು. ಇದು ತಿನ್ನುವುದು ಬಂದೂಕು ವಿನ್ಯಾಸಕ ಬ್ರೌನಿಂಗ್ 1899ರಲ್ಲಿ ಮಾಡಿದ ಗಿಡ್ಡ ತೋಟಾ, 7.65 ಮಿಲಿಮೀಟರಿನದ್ದು.

ನಳಿಗೆಯದ್ದೂ ಒಂದು ಆಟ ಇದೆ, ಗುಂಡು ಹೊರಬೀಳುವ ಮೊದಲೇ ಸ್ಲೈಡ್ ತೆರೆಯದಿರಲಿ ಎಂದು. ಗುಂಡು ಹಾರುವಾಗ ನಳಿಗೆ ಸುಮಾರು 5 ಡಿಗ್ರಿ ತಿರುಗಿದ ಮೇಲೆಯೇ ಸ್ಲೈಡ್ ಹಿಂದೆ ಹೋಗಬೇಕು. ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿ ತಿರುಗುತ್ತಾ ಹೋಗುವ ಗುಂಡೇ ನಳಿಗೆಯನ್ನು ಅಷ್ಟು ಹೊತ್ತು ತಡೆದು ಹಿಡಿಯುತ್ತದೆ ಎನ್ನುವುದು ಸರ್ಲ್ ಲೆಕ್ಕ. ಈ ಸಣ್ಣ ತೋಟಾಕ್ಕೆ ಅಷ್ಟೆಲ್ಲ ಬೇಕಾಗಿಯೇ ಇರಲಿಲ್ಲ ಬಿಡಿ. ಇದೇ ವಿನ್ಯಾಸವನ್ನು .45ಕ್ಕೆ ಹಿಗ್ಗಿಸಿ ಅಮೆರಿಕದ ಸೈನ್ಯದ ಪರೀಕ್ಷೆಗೆ ಕಳಿಸಿದ್ದರು. 1911ರಲ್ಲಿ ಕೊನೆಯ ಸುತ್ತು, 6,000 ಗುಂಡು. ಎದುರಾಳಿ ಕೋಲ್ಟ್ ಒಂದು ಸಲವೂ ಕೈಕೊಡಲಿಲ್ಲ. ಸ್ಯಾವೇಜ್ 37 ಸಲ ಕೈಕೊಟ್ಟಿತು. ಕೋಲ್ಟ್ 1911 ಜಗತ್ತಿಗೆಲ್ಲ ಗೊತ್ತಾಯಿತು, ಸ್ಯಾವೇಜ್ ನಮ್ಮಂಥ ಹುಚ್ಚರ ಬಾಯಲ್ಲಿ ಉಳಿಯಿತು.

ಇನ್ನು ಕಥೆಗೆ ಬರೋಣ.

"ಇದು ಅಂಜುದೀವದ್ದು" ಎಂದರು ಮಾಮ್, ದನಿ ತಗ್ಗಿಸಿ. "61ರಲ್ಲಿ ಪೋರ್ಚುಗೀಸ್ ಆಫೀಸರ್ ಒಬ್ಬ ಬಿಟ್ಟು ಹೋದದ್ದು." ಭಾವನ ಕಣ್ಣು ಆಗಲೇ ಅರಳಿತ್ತು. ಬೆಲೆ ಮೂರೂವರೆ ಲಕ್ಷ. ಅದರಲ್ಲಿ ಒಂದು ಲಕ್ಷ ಅಂಜುದೀವಕ್ಕೇ ಎಂದು ನನ್ನ ಅಂದಾಜು.

ಕಥೆ ಸುಳ್ಳಿನ ಹಾಗೆ ಕಾಣುವುದಿಲ್ಲ, ಅದೇ ತೊಂದರೆ. ಕಾರವಾರದ ಎದುರಿಗೇ ಆ ದ್ವೀಪ, 61ರವರೆಗೆ ಗೋವಾದ ಜೊತೆ ಪೋರ್ಚುಗೀಸರ ಕೈಯಲ್ಲೇ ಇತ್ತು. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ನೌಕಾಪಡೆಯ ನಿವೃತ್ತರೊಬ್ಬರು ಪೇಪರ್ ಮಡಚಿದರು. 1961ರ ಡಿಸೆಂಬರ್ 18ರಂದು ತ್ರಿಶೂಲ್ ಮತ್ತು ಮೈಸೂರ್ ಹಡಗುಗಳು ಅಲ್ಲಿಗೆ ಹೋದದ್ದು, ನಾವಿಕರು ದಡಕ್ಕೆ ಇಳಿದದ್ದು, ನಮ್ಮ ಏಳು ಜನ ಸತ್ತದ್ದು ಎಲ್ಲ ಹೇಳಿದರು. ಆ ಏಳು ಜನರ ವಿಷಯಕ್ಕೆ ಬಂದಾಗ ಅವರ ದನಿ ಬೇರೆಯಾಯಿತು. ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪೋರ್ಚುಗೀಸರ ಹತ್ತಿರ ಸ್ಯಾವೇಜ್ ಇದ್ದದ್ದೂ ನಿಜ. ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯಿಂದ ಲೂಗರ್ ಪಿಸ್ತೂಲು ಬರುವುದು ನಿಂತುಹೋಯಿತು. ಆಗ ಅವರು ಅಮೆರಿಕದಿಂದ ಸಾವಿರಕ್ಕೆ ಸ್ವಲ್ಪ ಜಾಸ್ತಿ ಸ್ಯಾವೇಜ್ ತರಿಸಿಕೊಂಡರು. ಫ್ರೆಂಚರು ಹತ್ತಾರು ಸಾವಿರ ತರಿಸಿದ್ದರು. ಆದರೆ ಪೋರ್ಚುಗೀಸರ ಪಿಸ್ತೂಲಿನ ಹಿಡಿಯ ಪಟ್ಟಿಯಲ್ಲಿ ಅವರ ದೇಶದ ಲಾಂಛನ ಇರುತ್ತದೆ. ಇದರಲ್ಲಿ ಇದ್ದದ್ದು ಕಂಪನಿಯದೇ ಗುರುತು, ಗರಿ ಮುಡಿದ ರೆಡ್ ಇಂಡಿಯನ್ ತಲೆ. ಪೇಟೆಯಲ್ಲಿ ಮಾರಿದ ಮಾಲು. ಅದನ್ನು ತೋರಿಸಿದೆ.

"ಪಟ್ಟಿ ಬದಲಾಯಿಸಿರಬಹುದು" ಎಂದರು ಮಾಮ್. ಒಪ್ಪತಕ್ಕ ಮಾತೇ.

"ಕಾಗದ ತೋರಿಸಿ ಮಾಮ್" ಎಂದೆ.

ಕಾಗದದ ವಿಷಯದಲ್ಲಿ ಅವರು ಪಕ್ಕಾ. ಕೇಳಿದ ತಕ್ಷಣ ಫೈಲು ತೆಗೆದರು. ಪಿಸ್ತೂಲಿನ ಈಗಿನ ಮಾಲೀಕರ ಲೈಸೆನ್ಸ್, ಮಾರಾಟದ ಅನುಮತಿ, ಅದರ ಕೆಳಗೆ ಅವರ ಅಜ್ಜನ ಕಾಲದ ಲೈಸೆನ್ಸಿನ ಜೆರಾಕ್ಸ್. ಬೆಳಗಾವಿ ಜಿಲ್ಲೆ, ಬಾಂಬೆ ರಾಜ್ಯ, 1954. ನಂಬರು ಪಿಸ್ತೂಲಿನ ಮೇಲಿದ್ದ ನಂಬರೇ. ಆಗ ನಮ್ಮ ಕಾರವಾರವೂ ಬಾಂಬೆ ರಾಜ್ಯದಲ್ಲೇ ಇತ್ತು, ಮೈಸೂರಿಗೆ ಬಂದದ್ದು 1956ರಲ್ಲಿ. 54ರಲ್ಲೇ ಬೆಳಗಾವಿಯ ಮನೆಯೊಂದರಲ್ಲಿದ್ದ ಪಿಸ್ತೂಲನ್ನು 61ರಲ್ಲಿ ಪೋರ್ಚುಗೀಸ್ ಆಫೀಸರ್ ಅಂಜುದೀವದಲ್ಲಿ ಬಿಟ್ಟು ಹೋಗುವುದು ಹೇಗೆ?

ನಿವೃತ್ತರು ಜೋರಾಗಿ ನಕ್ಕರು. ಮಾಮ್ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. "ನನಗೆ ಹೇಳಿದವರು ಹಾಗೆ ಹೇಳಿದ್ರು" ಎಂದು ಸೋಡಾ ಶರಬತ್ತು ತರಿಸಿದರು. ಬೇಕೆಂದೇ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಕಾಗದ ಅವರ ಫೈಲಿನಲ್ಲೇ ಇತ್ತು. ಮೂರೂವರೆ ಲಕ್ಷ ಹೇಳುವ ಮೊದಲು ತಾರೀಕು ಓದಬಹುದಿತ್ತು, ಅಲ್ವಾ?

ನನಗೆ ಬೇಜಾರಾದದ್ದು ಬೇರೆಯದಕ್ಕೆ. ಮಾರಾಟಕ್ಕೆಂದು ಯಾರೋ ಪಿಸ್ತೂಲನ್ನು ತಿಕ್ಕಿ ಹೊಸದಾಗಿ ಕಪ್ಪು ಬಣ್ಣ ಕುಡಿಸಿದ್ದಾರೆ. ಸ್ಲೈಡಿನ ಮೇಲಿನ ಅಕ್ಷರಗಳ ಅಂಚು ಕರಗಿ ಹೋಗಿದೆ. ಮೂಲ ಬಣ್ಣ ಅಲ್ಲಲ್ಲಿ ಹೋಗಿದ್ದರೂ ಚೆನ್ನಾಗಿರುತ್ತಿತ್ತು. ಮ್ಯಾಗಜಿನ್ ಒಂದೇ, ಅದರ ತುಟಿ ಸವೆದಿದೆ. ನಳಿಗೆ ಒಳಗೆ ಚೆನ್ನಾಗಿದೆ, ಗೆರೆಗಳು ಸ್ಪಷ್ಟ. ಬಿಡಿಭಾಗ ಬೇಕೆಂದರೆ ಇನ್ನೊಂದು ಸ್ಯಾವೇಜ್ ಹುಡುಕಬೇಕು.

ಮೂರೂವರೆ ಲಕ್ಷಕ್ಕೆ ಕಾರಣ ಬರೀ ಕಥೆಯೂ ಅಲ್ಲ. ಹೊರದೇಶದಿಂದ ಕೈಬಂದೂಕು ತರಿಸುವುದನ್ನು ಸರಕಾರ 1980ರ ದಶಕದಲ್ಲಿ ನಿಲ್ಲಿಸಿತು. ಆಮೇಲೆ ದೇಶದೊಳಗೆ ಇದ್ದ ಹಳೆ ಮಾಲೇ ಕೈಯಿಂದ ಕೈಗೆ ಓಡಾಡುತ್ತಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಕಾನ್ಪುರದ ನಿರ್ಭೀಕ್ ರಿವಾಲ್ವರೇ 2014ರಲ್ಲಿ ಬಂದಾಗ ಸುಮಾರು 1 ಲಕ್ಷ 22 ಸಾವಿರ ಇತ್ತು. ನನ್ನ ಪ್ರಕಾರ ಈ ಸ್ಯಾವೇಜ್‌ಗೆ ಎರಡು ಲಕ್ಷ ಸರಿ. ಬಣ್ಣ ಕುಡಿಸದೇ ಇದ್ದಿದ್ದರೆ ಎರಡೂವರೆ ಕೊಡಬಹುದಿತ್ತು. ಜೀವ ಕಾಪಾಡಿಕೊಳ್ಳಲು ಬೇಕು ಎನ್ನುವವರು ಇದನ್ನು ತಗೊಳ್ಳಬೇಡಿ. ಎಣ್ಣೆ ಹಾಕಿ, ಬಿಚ್ಚಿ ಜೋಡಿಸಿ, ಸರ್ಲ್ ತಲೆಯನ್ನು ಮೆಚ್ಚುತ್ತಾ ಕೂರುವವರಿಗೆ ಮಾತ್ರ.

ಅಂಗಡಿಗೆ ಹೋಗಬಹುದಾ? ಧಾರಾಳವಾಗಿ ಹೋಗಿ. ಕಾಗದ ಸ್ವಚ್ಛ, ಮಾಲು ತೋರಿಸುವ ಕ್ರಮ ಚೆನ್ನ, ಪ್ರಶ್ನೆ ಕೇಳಿದರೆ ಸಿಟ್ಟಾಗುವುದಿಲ್ಲ. ಊಟದ ಹೊತ್ತಿಗೆ ಮಾತ್ರ ಹೋಗಬೇಡಿ, ಒಂದೂವರೆಗೆ ಬಾಗಿಲು ಹಾಕಿದರೆ ನಾಲ್ಕೂವರೆಗೇ ತೆಗೆಯುವುದು.

ಭಾವ ಎರಡು ಲಕ್ಷ ಹತ್ತು ಸಾವಿರ ಹೇಳಿ ಬಂದಿದ್ದಾನೆ. ಮಾಮ್ ಬೆಳಗಾವಿಯವರನ್ನು ಕೇಳಿ ಫೋನ್ ಮಾಡುತ್ತೇನೆ ಎಂದವರು ಇನ್ನೂ ಮಾಡಿಲ್ಲ. ಸುಮ್ನೆ ಬರಿಗೈಯಲ್ಲಿ ಬರಬಾರದು ಎಂದು ನಾನು ನನ್ನ ಕೋವಿಗೆ ಒಂದು ನಳಿಗೆ ಬ್ರಷ್ ತಗೊಂಡೆ, 180 ರೂಪಾಯಿ. ಎರಡನೇ ಸಲ ಹಾಕಿ ಎಳೆಯುವಾಗಲೇ ಅದರ ಕೂದಲು ಉದುರತೊಡಗಿದೆ.