ಹಿಂಡಿಗೆ ಹೆಸರಿಲ್ಲದ ಜಿಂಕ್ ಪುಡಿ ಬೆರೆಸಬೇಡಿ

ಹಸು ಸಾಕಿರುವವರು ದಯವಿಟ್ಟು ಪೂರ್ತಿ ಓದಿ. ಗೊರಸು ಬಿರುಕು ಬಿಟ್ಟಿದೆ, ಗಬ್ಬ ನಿಲ್ಲುತ್ತಿಲ್ಲ ಅಂದ ಕೂಡಲೇ "ಜಿಂಕ್ ಕಮ್ಮಿ ಆಗಿದೆ" ಎಂದು ಬಿಳಿ ಪುಡಿ ಕಟ್ಟಿಕೊಡುವ ಅಂಗಡಿಗಳು ನಮ್ಮ ಕಡೆ ಇವೆ. ಅಂಥ ಪುಡಿ ತಿಂದು ನಮ್ಮ ಹಸು ಸಾಯುವ ಹಂತಕ್ಕೆ ಹೋಗಿ ಬಂತು.

ನಮ್ಮದು ಮಂಡ್ಯ ಕಡೆಯ ಹಳ್ಳಿ. ಗೌರಿ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ) ಹಸು, ಎರಡನೇ ಸೂಲು. ಮಳೆಗಾಲದಲ್ಲಿ ಕೊಟ್ಟಿಗೆ ಒದ್ದೆಯಾಗಿ ಹಿಂಗಾಲಿನ ಗೊರಸು ಬಿರುಕು ಬಿಟ್ಟಿತ್ತು. ಹಿಂಡಿ ತರಲು ಹೋದಾಗ ಅಂಗಡಿಯವರ ಹತ್ತಿರ ಹೇಳಿದೆ. ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಪುಡಿ ಕಟ್ಟಿ ತಂದರು. "ದನಕ್ಕೇ ಅಂತ ಬಂದಿರೋದು ಅಣ್ಣ. ಹೊತ್ತಿಗೊಂದು ಹಿಡಿ ಹಿಂಡಿ ಜೊತೆ ಹಾಕಿ, ಹಾಲೂ ಜಾಸ್ತಿಯಾಯ್ತದೆ" ಅಂದರು. ಕವರಿನ ಮೇಲೆ ಹೆಸರಿಲ್ಲ, ಅಳತೆ ಇಲ್ಲ, ಕಂಪನಿಯ ಗುರುತಿಲ್ಲ.

ಬಾನಿ ನೆಕ್ಕಿ ಖಾಲಿ ಮಾಡುತ್ತಿದ್ದ ಹಸು ಅರ್ಧಕ್ಕೇ ಬಿಟ್ಟು ಮುಖ ತಿರುಗಿಸತೊಡಗಿತು. ಡೈರಿಯಲ್ಲಿ ಫ್ಯಾಟ್ ಇಳಿಯಿತು, ಹಾಲೂ ಇಳಿಯಿತು. ಅಮ್ಮನಿಗೆ ಜಾಸ್ತಿ ಭಯವಾಗಿದ್ದು ಮೆಲುಕು ನಿಂತಾಗ. ಮಧ್ಯಾಹ್ನ ಮಲಗಿದರೆ ದವಡೆ ಆಡಿಸುತ್ತಿರಲಿಲ್ಲ, ಸುಮ್ನೆ ತಲೆ ತಗ್ಗಿಸಿಕೊಂಡಿರುತ್ತಿತ್ತು. ಆಮೇಲೆ ಸಗಣಿ ನೀರಾಯಿತು.

ಪಶು ಡಾಕ್ಟ್ರು ಬಂದವರು ಎಡಗಡೆ ಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದು, ಗಡಿಯಾರ ನೋಡುತ್ತಾ ನಿಂತರು. ಆರೋಗ್ಯವಾಗಿರುವ ಹಸುವಿನಲ್ಲಿ ನಿಮಿಷಕ್ಕೆ ಒಂದೆರಡು ಸಲ ಹೊಟ್ಟೆ ಒಳಗಿನಿಂದ ಕೈಯನ್ನು ತಳ್ಳುತ್ತದೆ. ಗೌರಿಯ ಹೊಟ್ಟೆ ತಳ್ಳಲೇ ಇಲ್ಲ. ಒಂದಿಷ್ಟು ಸಗಣಿಯನ್ನು ಜರಡಿಗೆ ಹಾಕಿಸಿ, ನೀರು ಬಿಟ್ಟು ತೊಳೆಸಿದರು. ಜರಡಿಯಲ್ಲಿ ಉಳಿದದ್ದು ಉದ್ದುದ್ದ ಹುಲ್ಲಿನ ಕಡ್ಡಿ, ಇಡೀ ಇಡೀ ಮುಸುಕಿನ ಜೋಳದ ಕಾಳು. "ಒಳಗೆ ಹೋದ ಮೇವು ಹಾಗೇ ಹೊರಗೆ ಬರ್ತಿದೆ. ಹಿಂಡಿಗೆ ಹೊಸದಾಗಿ ಏನು ಸೇರಿಸಿದ್ರಿ?" ಅಂತ ಕೇಳಿದರು. ಕವರ್ ತೋರಿಸಿದೆವು.

ಅಂಗಡಿಗೆ ಹೋಗಿ ಮೂಟೆ ತೋರಿಸಿ ಎಂದು ಪಟ್ಟು ಹಿಡಿದಾಗ ನಿಜ ಹೊರಗೆ ಬಂತು. ಅದು ಗದ್ದೆಗೆ ಹಾಕುವ ಗೊಬ್ಬರ, 33% ಜಿಂಕ್ ಇರುವ ಜಿಂಕ್ ಸಲ್ಫೇಟ್. ಜಿಂಕ್ ಸಲ್ಫೇಟ್ ನೀರಿನಲ್ಲಿ ಹಸುವಿನ ಕಾಲು ಅದ್ದಿಸುವ ಚಿಕಿತ್ಸೆ ಇದೆ, ನಿಜ. ಆದರೆ ಅದು ಹೊರಗಿನ ಗೊರಸಿಗೆ, ಹೊಟ್ಟೆಗಲ್ಲ.

ಡಾಕ್ಟ್ರು ಲೆಕ್ಕ ಹಾಕಿ ತೋರಿಸಿದರು. ತಿನ್ನುವ ಮೇವು, ಹಿಂಡಿಯ ತೇವ ಕಳೆದು ಉಳಿಯುವ ತೂಕದಲ್ಲಿ ಕಿಲೋಗೆ ಸುಮಾರು 40ರಿಂದ 60 ಮಿಲಿಗ್ರಾಂ ಜಿಂಕ್ ಇದ್ದರೆ ಸಾಕು. ದಿನಕ್ಕೆ ಅಂಥ 12 ಕಿಲೋ ತಿನ್ನುವ ಹಸುವಿಗೆ ಬೇಕಾಗುವುದು 500ರಿಂದ 700 ಮಿಲಿಗ್ರಾಂ. ಒಂದು ಗ್ರಾಂ ಕೂಡ ಅಲ್ಲ. ನಮ್ಮ ಒಂದು ಹಿಡಿ ಪುಡಿ ತೂಗಿದರೆ ಹತ್ತಿರ ಹತ್ತಿರ 60 ಗ್ರಾಂ. ಎರಡು ಹೊತ್ತಿಗೆ 120 ಗ್ರಾಂ. ಅದರಲ್ಲಿ ಜಿಂಕ್ ಒಂದೇ ಸುಮಾರು 40 ಗ್ರಾಂ. ಬೇಕಾದ್ದಕ್ಕಿಂತ ಸುಮಾರು ಅರವತ್ತರಿಂದ ಎಂಬತ್ತು ಪಟ್ಟು! ಅಳತೆ ಹೇಳದೆ "ಒಂದು ಹಿಡಿ" ಅನ್ನುವವರ ಮೇಲೆ ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಹುಲ್ಲನ್ನು ಹಸು ತಾನೇ ಅರಗಿಸಿಕೊಳ್ಳುವುದಿಲ್ಲ. ಮೊದಲ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಒಳಗಿರುವ ಕಣ್ಣಿಗೆ ಕಾಣದ ಜೀವಿಗಳು ನಾರನ್ನು ಒಡೆದು ಕೊಡುತ್ತವೆ. ಹಾಲಿನ ಫ್ಯಾಟ್‌ಗೂ ಆ ನಾರೇ ಮೂಲ. ಸ್ವಲ್ಪ ಜಿಂಕ್ ಆ ಜೀವಿಗಳಿಗೂ ಬೇಕು. ಆದರೆ ಸಲ್ಫೇಟ್ ನೀರಿನಲ್ಲಿ ಬೇಗ ಕರಗುತ್ತದೆ. ಅಷ್ಟೊಂದು ಒಟ್ಟಿಗೆ ಬಿದ್ದರೆ ನಾರು ಒಡೆಯುವ ಕೆಲಸ ಕುಂಠಿತವಾಗುತ್ತದೆ, ಆ ಜೀವಿಗಳಲ್ಲೇ ಒಂದು ಬಗೆಯಾದ ಪ್ರೊಟೊಜೋವಾಗಳು ಸಾಯುತ್ತವೆ. ಹುಲ್ಲು ಸರಿಯಾಗಿ ಅರಗುವುದಿಲ್ಲ, ಹಸಿವು ಹೋಗುತ್ತದೆ. ಜಿಂಕ್ ಜಾಸ್ತಿಯಾದರೆ ತಾಮ್ರ ಮೈಗೆ ಹತ್ತದು, ಸುಣ್ಣದಂಶಕ್ಕೂ ಅಡ್ಡಿ. ಕರು ಹಾಕುವ ಹೊತ್ತಿನಲ್ಲಿ ಇದು ಇನ್ನೂ ಅಪಾಯ. ಗೊಬ್ಬರದ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂ ಕಲ್ಮಶವೂ ಇರಬಹುದು, ಅದು ದನ ತಿನ್ನಲಿ ಅಂತ ಮಾಡಿದ್ದಲ್ಲವಲ್ಲ.

ಇನ್ನೊಂದು ಮಾತೂ ಕೇಳಿಬರುತ್ತದೆ: ಯೂರಿಯಾ ಹಾಕಿದ ಹುಲ್ಲು ಕೊಡುವವರು ಜಿಂಕ್ ಸೇರಿಸಿದರೆ ಒಳ್ಳೇದು ಅಂತ. ರೂಮೆನ್‌ನಲ್ಲಿ ಯೂರಿಯಾ ಅಮೋನಿಯ ಆಗುವುದನ್ನು ಜಿಂಕ್ ನಿಧಾನ ಮಾಡುತ್ತದೆ ಅನ್ನುವುದು ಸರಿಯೇ. ಅದನ್ನು ನಂಬಿ ಕೊಟ್ಟಿಗೆಯಲ್ಲಿ ನಾವೇ ಕೈಯಳತೆಯಲ್ಲಿ ಬೆರೆಸುವುದು ಬೇಡವೇ ಬೇಡ.

ಪುಡಿ ನಿಲ್ಲಿಸಿ, ಡ್ರಿಪ್ ಹಾಕಿ, ಪಕ್ಕದ ಮನೆಯ ಆರೋಗ್ಯವಾದ ಹಸುವಿನ ಬಾಯಿಂದ ಮೆಲುಕು ತೆಗೆದು ಉಗುರು ಬೆಚ್ಚಗಿನ ನೀರಲ್ಲಿ ಕಲಸಿ ಡಾಕ್ಟ್ರು ಕುಡಿಸಿದರು. ಸತ್ತುಹೋದ ಜೀವಿಗಳ ಜಾಗಕ್ಕೆ ಹೊಸವು ಬರಲಿ ಅಂತ. ಗೌರಿ ಉಳಿಯಿತು. ಹಾಲು ಮಾತ್ರ ಈ ಸೂಲಿನಲ್ಲಿ ಮೊದಲಿನ ಮಟ್ಟಕ್ಕೆ ಬರಲಿಲ್ಲ.

ಜಿಂಕ್ ಬೇಡ ಅನ್ನುತ್ತಿಲ್ಲ. ಗೊರಸಿಗೆ, ಚರ್ಮಕ್ಕೆ, ಗಾಯ ಮಾಯಲು ಅದು ಬೇಕೇ ಬೇಕು. ಒಳ್ಳೆಯ ಖನಿಜ ಮಿಶ್ರಣದಲ್ಲೇ ಇರುತ್ತದೆ. ಐಎಸ್‌ಐ ಗುರುತು, ಜಿಂಕ್ ಎಷ್ಟು ಅನ್ನುವ ಮಾಹಿತಿ ಚೀಲದ ಮೇಲೆ ಇರಬೇಕು. ಹಾಲು ಕೊಡುವ ಹಸುವಿಗೆ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ ಹೇಳುತ್ತಾರೆ, ನಿಮ್ಮ ಡಾಕ್ಟ್ರನ್ನು ಕೇಳಿ, ತೂಗಿ ಹಾಕಿ. ಅದರ ಮೇಲೆ ಬೇರೆ ಜಿಂಕ್ ಹಾಕಬೇಡಿ. ಗದ್ದೆಗೆ ತಂದ ಮೂಟೆಯನ್ನು ಹಿಂಡಿ ಇಡುವ ಕೋಣೆಯಲ್ಲಿ ಇಡಬೇಡಿ.

ಈಗಾಗಲೇ ಇಂಥ ಪುಡಿ ಕೊಡುತ್ತಿದ್ದು, ಹಸು ಮೆಲುಕು ಬಿಟ್ಟಿದ್ದರೆ ಕಾಯಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಯವರನ್ನು ಕರೆಸಿ. ಪುಡಿ, ಕವರ್ ಎರಡನ್ನೂ ಬಿಸಾಡದೆ ಇಟ್ಟುಕೊಂಡು ಡಾಕ್ಟ್ರಿಗೆ ತೋರಿಸಿ.